ಗುಡ್ಡದ ನೆತ್ತಿಯ ಮರ

ನದಿ ಕಡಲು ಸೇರುವ ಆ ಅಳಿವೆಯ ಬಾಯಲ್ಲಿ ನೀರೊಳಗೆ ಒಂದು ಬಂಡೆಯಿದೆ. ಭರತದಲ್ಲಿ ಮುಳುಗಿರುತ್ತದೆ, ಇಳಿತದಲ್ಲಿ ನೊರೆ ಮುಚ್ಚಿರುತ್ತದೆ. ಅದರ ಮಗ್ಗುಲಿನಿಂದ ನಲವತ್ತೆರಡು ವರ್ಷ ದೋಣಿ ಒಳತಂದ ಮುದುಕನನ್ನು ಊರೆಲ್ಲ ಗುರುತಜ್ಜ ಎಂದೇ ಕರೆಯುತ್ತಿತ್ತು. ತನ್ನ ಕನ್ನಡಕ ಎಲ್ಲಿಟ್ಟೆನೆಂದು ದಿನಕ್ಕೆ ನಾಲ್ಕು ಸಲ ಮನೆಯೆಲ್ಲ ತಡಕುವ ಈ ಆಸಾಮಿಗೆ ನೀರಿನ ದಾರಿಯ ಗುರುತುಗಳು ಮಾತ್ರ ಬಾಯಿಪಾಠ.

ಗುರುತೇನೂ ಬ್ರಹ್ಮವಿದ್ಯೆಯಲ್ಲ. ಕಾಡುಗುಡ್ಡದ ನೆತ್ತಿಯಲ್ಲಿ ಎಲ್ಲಕ್ಕಿಂತ ಎತ್ತರದ ಮರವೊಂದಿತ್ತು. ಅದು ಬಂದರಿನ ಹಳೇ ಉಗ್ರಾಣದ ಹೆಂಚಿನ ಮಾಡಿಗೆ ನೇರವಾಗಿ ನಿಲ್ಲುವಂತೆ ಚುಕ್ಕಾಣಿ ಹಿಡಿದರೆ ಬಂಡೆ ಎಡಕ್ಕೆ ಉಳಿಯುತ್ತದೆ. ಅಜ್ಜನಿಗೆ ಇದನ್ನು ಅವನ ಅಪ್ಪ ಹೇಳಿಕೊಟ್ಟಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಅಜ್ಜ ಮಗಳಿಗೆ ಹೇಳಿಕೊಟ್ಟ. ಹೆಣ್ಣಿನ ಕೈಗೆ ಚುಕ್ಕಾಣಿಯೇ ಎಂದು ಮೂಗು ಮುರಿದವರೇ ವರ್ಷ ತುಂಬುವುದರೊಳಗೆ ತಮ್ಮ ಸರಕನ್ನು ಅವಳ ದೋಣಿಗೇ ತುಂಬತೊಡಗಿದರು.

ಬಂದರಿನಲ್ಲಿ ಹಳೆಯ ಹಡಗುಗಳ ವಸ್ತುಸಂಗ್ರಹಾಲಯ ಕಟ್ಟುತ್ತಿದ್ದ ಅಧಿಕಾರಿ ಒಂದು ಬೆಳಿಗ್ಗೆ ಅಜ್ಜನ ಜಗಲಿಗೆ ಬಂದ. "ಅಜ್ಜಾ, ಹಳೇ ಹಾಯಿಹಡಗಿನ ನಿಜಗಾತ್ರದ ಮಾದರಿ ಮಾಡಿಸ್ತಿದ್ದೀವಿ. ಹಾಯಿಕಂಬಕ್ಕೆ ಸರಿಯಾದ ಮರ ನೀವೇ ತೋರಿಸ್ಬೇಕು. ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಗೊತ್ತು?"

ಅಜ್ಜ ಉಬ್ಬಿಹೋದ. ಜೀಪಿನಲ್ಲಿ ಗುಡ್ಡ ಹತ್ತಿದ. ನೀರಿನ ಮೇಲೆ ಬದುಕು ಸವೆಸಿದವನು ಕಾಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಸುತ್ತ ದಟ್ಟ ಹಸಿರು, ಕಡಲು ಯಾವ ಕಡೆಗೆಂದೇ ಗೊತ್ತಾಗದು. ಮರಗಳ ತುದಿ ಕಾಣದು, ಬುಡವಷ್ಟೇ ಕಾಣುವುದು. ಒಂದೊಂದಾಗಿ ತಟ್ಟಿ ನೋಡುತ್ತ ಹೋಗಿ, ಗಂಟಿಲ್ಲದೆ ನೆಟ್ಟಗೆ ಎದ್ದ ಒಂದರ ಮೇಲೆ ಅಂಗೈಯಿಟ್ಟು, "ಇದೇ. ಇಂಥದ್ದು ಇನ್ನೊಂದು ಸಿಗಲ್ಲ," ಎಂದ.

ಮಗಳು ಸರಕು ತುಂಬಿಕೊಂಡು ದೂರದ ಬಂದರಿಗೆ ಹೋದ ಮರುದಿನ ಆ ಮರವನ್ನು ಉರುಳಿಸಿದರು.

ಅವಳು ಬರಬೇಕಾದ ದಿನ ಮಧ್ಯಾಹ್ನ, ಅಂಥ ದಿನವಷ್ಟೇ ಮನೆಯಿಂದ ಇಳಿದು ಬರುವ ಅಜ್ಜ ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ ಚಹಾ ಕುಡಿಯುತ್ತ ರೂಢಿಯಂತೆ ಗುಡ್ಡದತ್ತ ತಿರುಗಿದ. ನೆತ್ತಿಯಲ್ಲಿ ಆ ಮರವಿಲ್ಲ. ಆದರೆ ಆ ಜಾಗ ಬೋಳಾಗಿಯೂ ಕಾಣುತ್ತಿಲ್ಲ. ಸ್ವಲ್ಪ ಬಲಕ್ಕಿದ್ದ ಇನ್ನೊಂದು ಮರ ಈಗ ತಾನೇ ದೊಡ್ಡವನೆಂದು ತಲೆಯೆತ್ತಿ ನಿಂತಿದೆ. ಅದನ್ನು ನಂಬಿ ಬಂದರೆ ದೋಣಿ ನೇರ ಬಂಡೆಗೆ. ನಲವತ್ತೆರಡು ವರ್ಷ ತನ್ನನ್ನು ಕಾಯ್ದದ್ದನ್ನು ಕೈಯಾರೆ ತೋರಿಸಿ ಕಡಿಸಿದ್ದೆನೆಂದು ಅವನಿಗೆ ಆಗ ತಿಳಿಯಿತು.

ಅಷ್ಟರಲ್ಲೇ ಅವಳ ದೋಣಿ ಕಾಣಿಸಿತು.

ಅಜ್ಜ ಕಂಡಕಂಡವರ ಕೈ ಹಿಡಿದು ಎಳೆದ. "ಯಾರಾದ್ರೂ ಒಂದು ದೋಣಿ ಬಿಡ್ರೋ! ಅವಳನ್ನ ತಡೀರೋ!" ಯಾರು ತಾನೇ ಬಿಟ್ಟಾರು? ಇಳಿತಕ್ಕೆ ಸಿಕ್ಕಿ ಇದ್ದಬದ್ದ ದೋಣಿಗಳೆಲ್ಲ ಕೆಸರಿನಲ್ಲಿ ಕೂತಿದ್ದವು. ಅಜ್ಜ ಅಂಗಿ ಬಿಚ್ಚಿ ಬೀಸಿದ, ಗಂಟಲು ಹರಿಯುವಂತೆ ಕೂಗಿದ. ದೋಣಿಯ ಮೂತಿ ಕದಲಲಿಲ್ಲ. ಅಳಿವೆಯ ಬಾಯಿ ಹೊಕ್ಕ ಮೇಲೆ ದಡದವರು ಏನೇ ಅರಚಲಿ, ಅತ್ತ ನೋಡಕೂಡದು, ಕಣ್ಣು ಮರದ ಮೇಲಿರಲಿ ಎಂದು ಅವಳ ತಲೆಗೆ ತುಂಬಿದವನು ಅವನೇ. ಮಗಳು ಚಾಚೂ ತಪ್ಪದೆ ಕಲಿತಿದ್ದಳು. ಅಜ್ಜನಿಗೆ ಉಳಿದದ್ದು ನೋಡುತ್ತ ನಿಲ್ಲುವುದೊಂದೇ.

ಹಲಗೆ ಸೀಳಿದ ಸದ್ದು ದಡದವರೆಗೆ ಕೇಳಿಸಿತು.

ಅವಳೂ ಇಬ್ಬರು ಆಳುಗಳೂ ಈಜಿ ಬಂದರು. ದೋಣಿ ಅರ್ಧ ಗಂಟೆಯೊಳಗೆ ನುಚ್ಚುನೂರಾಯಿತು. ಮಗಳು ಕೆಸರಿನಲ್ಲಿ ಕುಸಿದು ಕೂತು, ತಂದೆಯ ಮುಖ ನೋಡಲಾರದೆ ಬಿಕ್ಕಿದಳು.

"ಮರ ನೋಡ್ಕೊಂಡೇ ಬಂದೆ ಅಪ್ಪಾ. ನನ್ನ ಕಣ್ಣೇ ಕೆಟ್ಟಿದೆ. ಇನ್ಮೇಲೆ ನಾನು ಚುಕ್ಕಾಣಿ ಮುಟ್ಟಲ್ಲ."

"ನಿನ್ನ ಕಣ್ಣು ಸರಿಯಾಗೇ ಇದೆ ಮಗಾ. ಆ ಮರ ಈಗಿಲ್ಲ. ಕಡಿಸಿದ್ದು ನಾನೇ. ಹತ್ತಿರ ಹೋದಾಗ ನನಗೆ ಗುರುತು ಸಿಗ್ಲಿಲ್ಲ."

ಅವಳು ಅಳು ನಿಲ್ಲಿಸಿ ಅಪ್ಪನನ್ನು ದಿಟ್ಟಿಸಿದಳು. ಆಮೇಲೆ ಒದ್ದೆ ಕೈಯಿಂದ ಅವನ ಕೆನ್ನೆ ಸವರಿದಳು.

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಪ್ಪಾ. ಆ ಮರ ನಿನಗೆ ಗುರುತು ಸಿಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"