ಅಂಗನವಾಡಿಯಲ್ಲಿ ಮಗಳ ಮೊದಲ ಮಾತು

ಆಂಧ್ರ ಗಡಿಯ ನಂಗಲಿ ಹತ್ತಿರದ ನಮ್ಮೂರಲ್ಲಿ ಮನೆಮಾತು ತೆಲುಗು. ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಅವಳನ್ನು ಊರ ಅಂಗನವಾಡಿಗೆ ಸೇರಿಸಿದೆ. ಅಲ್ಲಿ ಎಲ್ಲ ಕನ್ನಡ. ಮನೆಯಲ್ಲಿ ಕರುವನ್ನೂ ಕೋಳಿಯನ್ನೂ ಬಿಡದೆ ಮಾತಾಡಿಸುವ ಹುಡುಗಿ ಅಲ್ಲಿಗೆ ಹೋದರೆ ತುಟಿ ಬಿಚ್ಚುತ್ತಿರಲಿಲ್ಲ. ಎರಡು ತಿಂಗಳು ಹೀಗೇ ಕಳೆಯಿತು.

ವಾರಗಿತ್ತಿಯ ಮಗ ಮುಳಬಾಗಿಲಿನ ಕಾನ್ವೆಂಟಿಗೆ ವ್ಯಾನಿನಲ್ಲಿ ಹೋಗುತ್ತಿದ್ದ. ನನ್ನ ಮಗಳಷ್ಟೇ ವಯಸ್ಸು, ಆಗಲೇ ನೂರರವರೆಗೆ ಒಪ್ಪಿಸುತ್ತಿದ್ದ. ನಮ್ಮವಳು ಮಾತ್ರ ದಿನಾ ಫ್ರಾಕಿಗೆಲ್ಲ ಮಣ್ಣು ಮಾಡಿಕೊಂಡು ಬರುತ್ತಿದ್ದಳು. ಮಣ್ಣಲ್ಲಿ ಆಡೋಕೆ ಅಂಗನವಾಡಿ ಯಾಕೆ, ನಮ್ಮ ಹೊಲ ಸಾಲದೇ ಎಂದು ಅತ್ತೆ ಕೇಳಿದರು. ನನ್ನ ಹೆದರಿಕೆಯೇ ಬೇರೆ. ಒಂದನೇ ತರಗತಿಯಲ್ಲಿ ನಾನು ತೆಲುಗು ಬೆರೆಸಿ ಮಾತಾಡಿದ್ದಕ್ಕೆ ಮೇಷ್ಟ್ರು, ಮಕ್ಕಳು ಎಲ್ಲ ನಕ್ಕಿದ್ದರು. ಆ ವರ್ಷವಿಡೀ ನಾನು ಬಾಯಿ ಬಿಡಲಿಲ್ಲ. ಇವಳಿಗೂ ಹಾಗೇ ಏನೋ ಆಗಿರಬೇಕು ಅನ್ನಿಸಿ, ಬಿಡಿಸಿಬಿಡೋಣ ಎಂದು ಒಂದು ಬೆಳಿಗ್ಗೆ ಹೊರಟೆ.

ಟೀಚರ್ ಬಾಗಿಲಲ್ಲೇ ಸಿಕ್ಕಿದರು. ನನಗಿಂತ ಹಿರಿಯರು.

"ಟೀಚರ್, ಸ್ವಲ್ಪ ಮಾತಾಡ್ಬೇಕಿತ್ತು."

"ಬಾರಮ್ಮ. ಮಕ್ಕಳು ಆಡ್ತಾವೆ, ಸ್ವಲ್ಪ ತಡಿ. ಅವಳಿಗೆ ಕಾಣಿಸ್ಕೋಬೇಡ, ಆಟ ಬಿಟ್ಟು ಬಂದ್ಬಿಡ್ತಾಳೆ."

ಕಿಟಕಿಯ ಮರೆಯಲ್ಲಿ ನಿಂತೆ. ಹಿತ್ತಲಲ್ಲಿ ಒಂದು ಟಬ್ಬಿನ ತುಂಬ ನೀರು, ಸುತ್ತ ತೆಂಗಿನ ಚಿಪ್ಪು, ಲೋಟ, ಪ್ಲಾಸ್ಟಿಕ್ ಬಾಟಲಿಗಳು. ಮಗಳು ಒಂದು ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಪಕ್ಕದ ಹುಡುಗಿ ಚಿಪ್ಪಿನಲ್ಲಿ ಮೊಗೆದು ಮೊಗೆದು ಹುಯ್ಯುತ್ತಿದ್ದಳು. ಬಾಟಲಿ ತುಂಬಿ, ನೀರು ಇವಳ ಮೈಮೇಲೆಲ್ಲ ಹರಿಯತೊಡಗಿತು.

"ಸಾಕು, ಸಾಕು. ತುಂಬೋಯ್ತು," ಅಂದಳು ಮಗಳು.

ಕನ್ನಡದಲ್ಲಿ. ಮನೆಯಲ್ಲಾಗಿದ್ದರೆ 'ಚಾಲು' ಅನ್ನುತ್ತಿದ್ದಳು. ಅವಳು ಬಾಟಲಿ ಕೆಳಗಿಟ್ಟು, ದೊಡ್ಡದೊಂದನ್ನು ಎತ್ತಿಕೊಂಡಳು.

"ಅದಕ್ಕೆ ನಾಲ್ಕು ಚಿಪ್ಪು. ಇದಕ್ಕೆ ಇಂಕಾ ಬೇಕು."

'ಇಂಕಾ' ಅಂದರೆ ತೆಲುಗಿನಲ್ಲಿ ಇನ್ನೂ. ಈಗ ನಗುತ್ತಾರೆ ಅಂದುಕೊಂಡೆ. ಯಾರೂ ನಗಲಿಲ್ಲ. ಟೀಚರ್ ಹೋಗಿ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಇನ್ನೂ ಎಷ್ಟು ಬೇಕಾಗ್ಬೋದು?" ಎಂದು ಕೇಳಿದರು.

ಅವಳು ಬಾಟಲಿಯನ್ನೇ ನೋಡಿ ಯೋಚಿಸಿ, "ಆರು," ಅಂದಳು. ಹುಯ್ದು ನೋಡಿದರೆ ಏಳು ಹಿಡಿಯಿತು. ಅದಕ್ಕವಳು ಬೇಜಾರು ಮಾಡಿಕೊಳ್ಳಲಿಲ್ಲ, ಇನ್ನೊಂದು ಬಾಟಲಿ ಹುಡುಕಿದಳು.

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದೆ. ಟೀಚರ್ ಹಿಂದೆಯೇ ಬಂದರು.

"ಏನೋ ಮಾತಾಡ್ಬೇಕು ಅಂದ್ಯಲ್ಲಮ್ಮ?"

"ಏನಿಲ್ಲ ಟೀಚರ್. ನಾಳೆಯಿಂದ ಇನ್ನೊಂದು ಜೊತೆ ಬಟ್ಟೆ ಕಳಿಸ್ಲಾ ಅಂತ ಕೇಳಾಕೆ ಬಂದೆ."

"ಕಳ್ಸಮ್ಮ, ಒಳ್ಳೇದಾಯ್ತು," ಅಂದರು.

ಮನೆಗೆ ಬಂದು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಮುದ್ದೆ ಉಂಡೆ.