ಪುಟ ಎಣಿಸುತ್ತಿದ್ದ ಹೆಬ್ಬೆರಳು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ವಾಪಸು ಬಂದ ಪ್ರತಿ ಪುಸ್ತಕದ ಪುಟಗಳನ್ನೂ ಅದೇ ಬೆರಳಿನಿಂದ ಸರಸರನೆ ಎಣಿಸಿ, ಬೆಳಕಿಗೆ ಹಿಡಿದು, ಒಮ್ಮೆ ಮೂಸಿಯೂ ನೋಡುತ್ತಿದ್ದರು. "ಒಗ್ಗರಣೆ ವಾಸ್ನೆ. ಅಡಿಗೆಮನೇಲಿ ಇಟ್ಕೊಂಡು ಓದಿದೀಯ" ಎಂದರೆ ಮುಗಿಯಿತು, ಅಲ್ಲಗಳೆಯುವಂತಿರಲಿಲ್ಲ.

ಎಪ್ಪತ್ತರ ದಶಕದ ಮಾತು. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಿಂದ ನಾಲ್ಕನೆಯದು ಅವರ ಮನೆ. ಮುಂದಿನ ಕೋಣೆಯಲ್ಲೇ ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸುತ್ತಿದ್ದರು. ನಮಗೆಲ್ಲ ಅವರು ಲೈಬ್ರರಿ ಆಂಟಿ. ಪುಟ ಹರಿದಿದ್ದರೆ, ತಮಗೆ ಯಾರ ಮೇಲೆ ಅನುಮಾನವೋ ಅವರ ಹೆಸರನ್ನು ಒಳರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಪುಸ್ತಕವನ್ನು ಮತ್ತೆ ಬಾಡಿಗೆಗೆ ಬಿಡುತ್ತಿದ್ದರು. ಬೀದಿಗೆಲ್ಲ ಸುದ್ದಿ ಮುಟ್ಟಲು ಅಷ್ಟು ಸಾಕು.

ಇಂಥ ಆಂಟಿ ಹಳೆಯ ಕಾದಂಬರಿಗಳ ಖಳನಾಯಕರ ಪರ ಮಾತ್ರ ಪಕ್ಕಾ ವಕೀಲರು. "ಕೆಟ್ಟೋನು ಅಂದ್ಬಿಟ್ರೆ ಆಯ್ತೇನೇ? ಇಪ್ಪತ್ತು ಪುಟ ಹಿಂದಕ್ಕೆ ಹೋಗು. ಅವನು ಚಿಕ್ಕೋನಾಗಿದ್ದಾಗ ಮುಖದ ಮೇಲೆ ಬಾಗ್ಲು ಹಾಕ್ದೋರು ಯಾರು, ನೋಡು." ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಆ ನಗು ನಿಂತದ್ದು ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ. ನಾನು ಹಿಂತಿರುಗಿಸಿದ ಕಾದಂಬರಿಯೊಂದರ ಕೊನೆಯ ನಾಲ್ಕು ಪುಟ ಇರಲಿಲ್ಲ. ನನ್ನ ಕೈಗೆ ಬಂದಾಗಲೇ ಇರಲಿಲ್ಲ ಎಂದು ಗೋಗರೆದೆ. "ಎಣಿಸ್ದೆ ಕೊಡ್ತೀನಾ ನಾನು?" ಎನ್ನುತ್ತಾ ನನ್ನ ಕಣ್ಣೆದುರೇ ನನ್ನ ಹೆಸರು ಬರೆದರು. ಮನೆಗೆ ಬಂದರೆ ಅಮ್ಮನೂ, "ಅವ್ರ್ಯಾಕೆ ಸುಮ್‌ಸುಮ್ನೆ ಹೇಳ್ತಾರೆ?" ಎನ್ನಬೇಕೆ!

ಅವರದೇ ಇನ್ನೊಂದು ಪುಸ್ತಕ ನನ್ನ ಬಳಿ ಉಳಿದಿತ್ತು. ಅದರ ಕೊನೆಯ ಹಾಳೆಯನ್ನು ನಾನೇ ಹರಿದೆ.

ಮರುದಿನ ಅವರ ಹೆಬ್ಬೆರಳು ಕೊನೆಗೆ ಬಂದು ನಿಂತಿತು.

"ಇದು?"

"ನಾನೇ ಹರ್ದೆ."

"ಅದು?"

"ಅದು ನಾನಲ್ಲ. ಹೇಗಿದ್ರೂ ನನ್ ಹೆಸ್ರು ಬರ್ದಿದೀರಲ್ಲ ಆಂಟಿ, ಅದಕ್ಕೇ ಇದನ್ನ ಹರ್ದೆ."

ಬೈಗುಳಕ್ಕೆ ಕಾದು ನಿಂತೆ. ಅವರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. ಹೆತ್ತವರಿಲ್ಲದ ಅವರು ಸೋದರಮಾವನ ಮನೆಯಲ್ಲಿ ಬೆಳೆದವರೆಂದು ನನಗೆ ತಿಳಿದದ್ದು ಅಂದೇ. "ನಮ್ಮತ್ತೆ ದಿನಾ ಕಳ್ಳಿ ಅನ್ನೋರು. ಒಂದಿನ ನಿಜ್ವಾಗ್ಲೂ ಬೆಲ್ಲ ಕದ್ದೆ ಕಣೇ. ತಿನ್ಲಿಲ್ಲ, ಹಿತ್ಲಿಗೆ ಎಸ್ದೆ. ಸುಮ್ನೆ ಅನ್ನಿಸ್ಕೊಂಡು ಅನ್ನಿಸ್ಕೊಂಡು ಸಾಕಾಗಿತ್ತು." ಪುಸ್ತಕ ಮುಚ್ಚಿಟ್ಟು, "ಈಗ ನಾನೇ ಆ ಅತ್ತೆ ಆದ್ನಲ್ಲ" ಎಂದರು.

ಹರಿದ ಹಾಳೆಯನ್ನು ತರಿಸಿ, ಮೈದಾ ಅಂಟು ಕಲಸಿ, ಇಬ್ಬರೂ ಸೇರಿ ಸೊಟ್ಟಗೆ ಅಂಟಿಸಿದೆವು. ಆಮೇಲೆ ನನ್ನ ಪುಸ್ತಕಗಳನ್ನು ಅವರು ಎಣಿಸಲಿಲ್ಲ. ಎಣಿಸದಿರಲು ಪಡುತ್ತಿದ್ದ ಪಾಡು ನೋಡಬೇಕಿತ್ತು. ಹೆಬ್ಬೆರಳು ತಾನಾಗಿಯೇ ಏಳುತ್ತಿತ್ತು, ಅದನ್ನು ಮುಷ್ಟಿಯೊಳಗೆ ಮಡಚಿಕೊಳ್ಳುತ್ತಿದ್ದರು. ನಾನು ಹೋದ ಮೇಲೆ ಎಣಿಸುತ್ತಾರೇನೋ ಎಂಬ ಗುಮಾನಿಯಿಂದ ಒಮ್ಮೆ ಕಿಟಕಿಯಲ್ಲಿ ಇಣುಕಿಯೂ ನೋಡಿದೆ. ಎಣಿಸುತ್ತಿರಲಿಲ್ಲ. ಅನುಮಾನ ಅಂಟುರೋಗ, ನನಗೂ ತಗುಲಿತ್ತು.

ಆದರೆ ಆ ಮೊದಲ ಪುಸ್ತಕದ ಮಾತನ್ನು ಇಬ್ಬರೂ ಎತ್ತಲಿಲ್ಲ. ನನ್ನ ಮಾತು ನಂಬಿದರೋ, ಪಾಪ ಎಂದು ಸುಮ್ಮನಾದರೋ? ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಆ ದಶಕ ಮುಗಿಯುವ ಮುಂಚೆಯೇ ಅವರು ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ಅವರ ಯಜಮಾನರು, "ನಿಂಗ್ಯಾವ್ದು ಬೇಕೋ ತಗೊಳ್ಳಮ್ಮ" ಎಂದರು. ಕೊನೆಯಿಲ್ಲದ ಆ ಕಾದಂಬರಿಯನ್ನೇ ಹುಡುಕಿ ತೆರೆದೆ. ಒಳರಟ್ಟಿನಲ್ಲಿ ನನ್ನ ಹೆಸರಿನ ಮೇಲೆ ಒತ್ತಿ ಗೀಟು ಎಳೆದಿತ್ತು. ಅಲ್ಲೇ ನಿಂತು ಅತ್ತುಬಿಟ್ಟೆ. ಕೆಳಗೆ ಇನ್ನೊಂದು ಹೆಸರಿಗೆ ಬೇಕಾದಷ್ಟು ಜಾಗವಿತ್ತು. ಯಾರದನ್ನೂ ಬರೆದಿರಲಿಲ್ಲ.