ಕಂಪ್ಯೂಟರ್ ಮೇಡಂ ಓದುತ್ತಿದ್ದ ಸಂಖ್ಯೆಗಳು

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಬನ್ನಿಮಂಟಪದ ಒಂದು ರಕ್ತನಿಧಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿನ ಡೇಟಾಬೇಸ್ ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಕಂಪ್ಯೂಟರ್ ಮೇಡಂ ಎನ್ನುತ್ತಿದ್ದೆವು. ನಾವು ಮಾಡಿದ ಪ್ರತಿಯೊಂದು ನಮೂದೂ ತಿದ್ದುಪಡಿಯೂ ಒಂದರ ಹಿಂದೊಂದು ಕ್ರಮಸಂಖ್ಯೆ ಹೊತ್ತ ಲಾಗ್ ಎಂಬ ಫೈಲುಗಳಲ್ಲಿ ಉಳಿಯುತ್ತಿತ್ತು. ಮೇಡಂ ದಿನವೂ ಆ ಸಂಖ್ಯೆಗಳನ್ನು ತೆರೆಯ ಮೇಲೆ ತರಿಸಿ, ಪೆನ್ಸಿಲ್ ತುದಿಯಿಂದ ಒಂದೊಂದನ್ನೇ ಮುಟ್ಟುತ್ತ ಓದುತ್ತಿದ್ದರು. "ಒಂದ್ ನಂಬರ್ ಹಾರಿದ್ರೂ ನಂಬಬಾರ್ದು ಕಣ್ರೀ" ಎನ್ನುವುದು ಅವರ ಮಾತು.

ಒಂದು ಬೆಳಿಗ್ಗೆ ಡಿಸ್ಕ್ ಕೆಟ್ಟಿತು. ಹಳೆಯ ಬ್ಯಾಕಪ್‌ಗೆ ಲಾಗುಗಳನ್ನು ಒಂದೊಂದಾಗಿ ಸೇರಿಸುತ್ತ ಬಂದ ಮೇಡಂ ಕೈ ನಿಂತಿತು. ನಾನೂರ ಹನ್ನೆರಡರ ನಂತರ ನಾನೂರ ಹದಿನಾಲ್ಕು. ನಡುವಿನದು ಇಲ್ಲದೆ ಮುಂದಿನದನ್ನು ಸೇರಿಸುವಂತಿಲ್ಲ. ಹಿಂದಿನ ಸಂಜೆಯ ನಮೂದುಗಳೆಲ್ಲ ಹೋಗಿದ್ದವು.

ಅಷ್ಟರಲ್ಲಿ ಹೆರಿಗೆ ವಾರ್ಡಿನಿಂದ, ರಕ್ತಸ್ರಾವ ನಿಲ್ಲದ ಎಳೆಯ ಬಾಣಂತಿಯೊಬ್ಬಳಿಗೆ ಓ ಗುಂಪಿನ ರಕ್ತ ಬೇಕೆಂದು ಕರೆ ಬಂತು. ಕಂಪ್ಯೂಟರ್ ಒಂದು ಬ್ಯಾಗನ್ನು ಓ ಎಂದು ತೋರಿಸುತ್ತಿತ್ತು.

"ಕೊಟ್ಬುಡಿ ಮೇಡಂ, ಆ ಹುಡುಗಿ ಜೀವ ಹೋಗ್ತದೆ" ಎಂದರು ನಮ್ಮ ಡಾಕ್ಟರು.

"ಮತ್ತೆ ಟೆಸ್ಟ್ ಮಾಡಿಸಿ ಸಾರ್. ಏನಾದ್ರೂ ಆದ್ರೆ ನನ್ ತಲೆ ಮೇಲೆ ಬರ್ಲಿ" ಎಂದರು ಮೇಡಂ.

ಬ್ಯಾಗನ್ನು ಲ್ಯಾಬಿಗೆ ಕಳಿಸಿ ಕಾಲು ಗಂಟೆ ಕಾದೆವು. ವಾರ್ಡಿನಿಂದ ಫೋನು ಮತ್ತೆ ಹೊಡೆದುಕೊಂಡಾಗ, ಇನ್ನೈದು ನಿಮಿಷ ಎಂದು ಹೇಳಿ ಇಟ್ಟೆ. ಕೊನೆಗೆ ಲ್ಯಾಬಿನವರು ಬಾಗಿಲಲ್ಲಿ ನಿಂತು, "ಓ ಅಲ್ಲ, ಬಿ" ಎಂದರು. ತಪ್ಪಾಗಿ ಓ ಎಂದು ನಮೂದಾಗಿದ್ದನ್ನು ಹಿಂದಿನ ಸಂಜೆ ಯಾರೋ ಬಿ ಎಂದು ತಿದ್ದಿದ್ದರು; ಆ ತಿದ್ದುಪಡಿ ಕಾಣೆಯಾದ ಲಾಗಿನಲ್ಲಿತ್ತು.

ಫ್ರಿಜ್ಜಿನಿಂದ ಬೇರೆ ಬ್ಯಾಗ್ ತೆಗೆದು, ಪರೀಕ್ಷಿಸಿ ಓ ಎಂದು ಖಚಿತವಾದ ಮೇಲೆ ವಾರ್ಡಿಗೆ ಕಳಿಸಿದರು, ಹುಡುಗಿ ಉಳಿದಳು. ಮಧ್ಯಾಹ್ನ ಅವಳ ಗಂಡ ಬಂದು ಕೂಗಾಡಿದ: "ಇಷ್ಟೊತ್ತು ಕಾಯಿಸ್ಬುಟ್ರಲ್ಲ, ನೀವೇನ್ ಮನುಷ್ಯರಾ?"

ಆ ಬಿ ಬ್ಯಾಗಿನ ಸಂಗತಿ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಎದ್ದು, "ತಪ್ಪಾಯ್ತು ಕಣಪ್ಪ" ಎಂದು ಕೈಮುಗಿದರು. ಆಮೇಲೆ ಕೂತು, ಪೆನ್ಸಿಲ್ ತೆಗೆದುಕೊಂಡು ಒಂದನೆಯ ಸಂಖ್ಯೆಯಿಂದ ಮತ್ತೆ ಓದತೊಡಗಿದರು.